ಜರ್ಮನಿಯ ಪುಟ್ಟ ಅಡುಗೆಮನೆ: ಹೊಸದಾಗಿ ಬರುವ ಕನ್ನಡಿಗರು ಏನನ್ನು ತರಬೇಕು, ಏನನ್ನು ಇಲ್ಲಿ ಕೊಳ್ಳಬೇಕು

ಜರ್ಮನಿಯಲ್ಲಿ ಬಾಡಿಗೆಗೆ ಸಿಗುವ ಎಷ್ಟೋ ಮನೆಗಳಲ್ಲಿ ಅಡುಗೆಮನೆ ಎಂದರೆ ಗೋಡೆಯಿಂದ ಹೊರಬಂದಿರುವ ನೀರಿನ ಕೊಳವೆ ಮತ್ತು ಒಲೆಗಾಗಿ ಬಿಟ್ಟಿರುವ ವಿದ್ಯುತ್ ತಂತಿ, ಅಷ್ಟೆ. ಒಲೆ, ಸಿಂಕು, ಕಪಾಟುಗಳನ್ನು ಹಿಂದಿನ ಬಾಡಿಗೆದಾರರು ಕಳಚಿಕೊಂಡು ಹೋಗಿರುತ್ತಾರೆ, ಇಲ್ಲವೇ ಬೆಲೆ ಕಟ್ಟಿ ನಿಮಗೇ ಮಾರಲು ಮುಂದಾಗುತ್ತಾರೆ. ವಿದ್ಯಾರ್ಥಿಗಳಿಗೂ ಒಬ್ಬರೇ ಬರುವ ಉದ್ಯೋಗಿಗಳಿಗೂ ದೊರೆಯುವ ಒಂದು ಕೋಣೆಯ ಮನೆಗಳಲ್ಲಿ ಸುಮಾರು ಒಂದು ಮೀಟರ್ ಅಗಲದ ಸಿದ್ಧ ಘಟಕವೊಂದು ಇರುವುದುಂಟು. ಅದರಲ್ಲಿ ಎರಡು ಒಲೆ, ಒಂದು ಸಿಂಕು, ಕೆಳಗೊಂದು ಚಿಕ್ಕ ಫ್ರಿಜ್. ತರಕಾರಿ ಹೆಚ್ಚುವ ಮಣೆ ಇಟ್ಟರೆ ಕಟ್ಟೆ ಮುಗಿಯಿತು. ಹೀಗಿರುವಾಗ ಯಾವುದೇ ಉಪಕರಣದ ಬೆಲೆ ಕೇಳುವ ಮೊದಲು, ಅದು ಪ್ರತಿದಿನವೂ ಆ ಕಟ್ಟೆಯ ಮೇಲೆ ನಿಲ್ಲುವಷ್ಟು ಬಳಕೆಗೆ ಬರುತ್ತದೆಯೇ ಎಂದು ಕೇಳಿಕೊಳ್ಳಬೇಕು. ಹಲವು ಮನೆಗಳಿಗೆ ನೆಲಮಾಳಿಗೆಯಲ್ಲಿ ಒಂದು ಗೂಡು ಕೊಟ್ಟಿರುತ್ತಾರೆ, ನಿಜ. ಆದರೆ ಅಲ್ಲಿಗೆ ಇಳಿದ ಉಪಕರಣ ಮತ್ತೆ ಮೇಲೆ ಬರುವುದು ಸಾಮಾನ್ಯವಾಗಿ ಮನೆ ಬದಲಿಸುವ ದಿನವೇ.

ಊರಿನಿಂದ ತರಲೇಬೇಕಾದದ್ದು ಮಿಕ್ಸಿ. ಇಲ್ಲಿಯೂ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್ ಆಗಿರುವುದರಿಂದ ನಮ್ಮ ಮಿಕ್ಸಿ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಡೆಯುತ್ತದೆ. ಅಮೆರಿಕದಲ್ಲಿರುವ ನೆಂಟರು 110 ವೋಲ್ಟಿನ ಬಗ್ಗೆ ಕೊಡುವ ಎಚ್ಚರಿಕೆ ಇಲ್ಲಿಗೆ ಅನ್ವಯಿಸುವುದಿಲ್ಲ. ತೊಡಕಿರುವುದು ಪ್ಲಗ್ಗಿನಲ್ಲಿ. ನಮ್ಮ ಮೂರು ಪಿನ್ನಿನ ಪ್ಲಗ್ ಇಲ್ಲಿನ ಶುಕೋ ಸಾಕೆಟ್ಟಿಗೆ ಕೂರುವುದಿಲ್ಲ, ಮತ್ತು ವಿಮಾನ ನಿಲ್ದಾಣಗಳಲ್ಲಿ ಮಾರುವ ಅಗ್ಗದ ಅಡಾಪ್ಟರುಗಳಲ್ಲಿ ಹಲವಕ್ಕೆ ಅರ್ಥಿಂಗ್ ಸಂಪರ್ಕವೇ ಇರುವುದಿಲ್ಲ. ಒದ್ದೆ ಕೈಯಲ್ಲಿ ಮುಟ್ಟುವ ಯಂತ್ರವಾದ್ದರಿಂದ ಅರ್ಥಿಂಗ್ ಇರುವ ಅಡಾಪ್ಟರನ್ನೇ ಹುಡುಕಿ ಕೊಳ್ಳಿರಿ. ನಿಜಕ್ಕೂ ಜಾಗ ತಿನ್ನುವುದು ಮಿಕ್ಸಿಯ ಬುಡವಲ್ಲ, ಅದರ ಜಾರುಗಳು. ಚಟ್ನಿ ಜಾರು ಮತ್ತು ಮಧ್ಯಮ ಜಾರು ಸಾಕು, ದೊಡ್ಡದನ್ನು ಊರಲ್ಲೇ ಬಿಡಬಹುದು, ಅದರ ಬದಲು ಒಂದೆರಡು ರಬ್ಬರ್ ಗ್ಯಾಸ್ಕೆಟ್ ಮತ್ತು ಕಪ್ಲರ್ ಇಟ್ಟುಕೊಂಡರೆ ಹೆಚ್ಚು ಉಪಯೋಗ. ಇಲ್ಲಿ ಸಿಗುವ ಸ್ಮೂದಿ ಬ್ಲೆಂಡರುಗಳನ್ನು ಮಿಕ್ಸಿಗೆ ಪರ್ಯಾಯವೆಂದು ನಾನು ಒಪ್ಪುವುದಿಲ್ಲ. ಹಣ್ಣಿಗೆ ಅವು ಚೆನ್ನ. ಹುರಿಗಡಲೆ, ಕಾಯಿತುರಿ, ನೆನೆಸಿದ ಬೇಳೆ ಬಂದಾಗ ಲೋಟಗಟ್ಟಲೆ ನೀರು ಸುರಿಯದೆ ಅವು ತಿರುಗುವುದಿಲ್ಲ.

ಗ್ರೈಂಡರಿನ ಪ್ರಶ್ನೆಗೆ ನನ್ನ ಉತ್ತರ ಕೆಲವರಿಗೆ ಹಿಡಿಸಲಾರದು. ಎರಡು ಲೀಟರಿನ ಟೇಬಲ್‌ಟಾಪ್ ಗ್ರೈಂಡರ್ 23 ಕಿಲೋ ಮಿತಿಯ ಸೂಟ್‌ಕೇಸಿನ ದೊಡ್ಡ ಪಾಲನ್ನೇ ನುಂಗುತ್ತದೆ. ಒಬ್ಬರಿಗಾಗಲಿ ಇಬ್ಬರಿಗಾಗಲಿ ಬೇಕಾದ ಇಡ್ಲಿ ಹಿಟ್ಟನ್ನು ತಣ್ಣೀರು ಹಾಕಿ, ಎರಡು ಮೂರು ಕಂತಿನಲ್ಲಿ, ನಡುನಡುವೆ ಮೋಟಾರಿಗೆ ಬಿಡುವು ಕೊಟ್ಟು ಮಿಕ್ಸಿಯಲ್ಲೇ ರುಬ್ಬಬಹುದು. ಮನೆಯಲ್ಲಿ ನಾಲ್ವರಿದ್ದು ವಾರಕ್ಕೆರಡು ಬಾರಿ ದೋಸೆ ಹೊಯ್ಯುವವರ ಮಾತು ಬೇರೆ. ಯಾವ ಯಂತ್ರವೇ ಆಗಲಿ, ರುಬ್ಬುವ ಹೊತ್ತನ್ನು ಮಾತ್ರ ಮೊದಲೇ ಗೊತ್ತುಮಾಡಿಕೊಳ್ಳಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮತ್ತು ಭಾನುವಾರ, ಹಬ್ಬದ ರಜೆಗಳಂದು ಇಡೀ ದಿನ ಸದ್ದು ಮಾಡಬಾರದೆಂಬುದು ಇಲ್ಲಿನ ಸಾಮಾನ್ಯ ನಿಯಮ. ಕೆಲವು ಕಟ್ಟಡಗಳ ನಿಯಮಪತ್ರದಲ್ಲಿ ಮಧ್ಯಾಹ್ನದ ಮೌನವೂ ಸೇರಿರುತ್ತದೆ. ಭಾನುವಾರ ಬೆಳಿಗ್ಗೆ ಇಡ್ಲಿ ಬೇಕೆಂದರೆ ಶನಿವಾರ ಬೆಳಗಿನಲ್ಲೇ ರುಬ್ಬಿಡುವುದು ಒಳ್ಳೆಯದು, ಏಕೆಂದರೆ ಚಳಿಗಾಲದಲ್ಲಿ ಹಿಟ್ಟು ಹುಳಿ ಬರಲು ಒಂದು ರಾತ್ರಿ ಸಾಲದು. ಓವನ್ ಇದ್ದವರು ಅದನ್ನು ಕಾಯಿಸದೆ ದೀಪವನ್ನಷ್ಟೇ ಹಚ್ಚಿ ಪಾತ್ರೆಯನ್ನು ಒಳಗಿಟ್ಟರೆ ಕೆಲಸ ಆಗುತ್ತದೆ.

ಕುಕ್ಕರ್ ಕಟ್ಟಿಕೊಳ್ಳುವ ಮೊದಲು ಒಲೆ ಯಾವ ಬಗೆಯದೆಂದು ಮನೆಯ ಮಾಲೀಕರನ್ನು ಕೇಳಿ ತಿಳಿಯಿರಿ. ಹಳೆಯ ಬೀಡುಕಬ್ಬಿಣದ ತಟ್ಟೆಯ ಒಲೆಗೂ ಗಾಜಿನ ಮೇಲ್ಮೈಯ ಸಾಮಾನ್ಯ ವಿದ್ಯುತ್ ಒಲೆಗೂ ಅಲ್ಯೂಮಿನಿಯಂ ಕುಕ್ಕರ್ ನಡೆಯುತ್ತದೆ, ಆದರೆ ಇಂಡಕ್ಷನ್ ಒಲೆಗೆ ಅಯಸ್ಕಾಂತ ಅಂಟುವ ತಳವೇ ಬೇಕು. ತಳ ಡೊಂಕಾದ ದೋಸೆ ಕಾವಲಿ ಮೂರೂ ಬಗೆಯಲ್ಲಿ ನಿಷ್ಪ್ರಯೋಜಕ. ಮುದ್ದೆ ತಿರುವುವವರು ಪಾತ್ರೆಯನ್ನು ಗಾಜಿನಿಂದ ಕೆಳಗಿಳಿಸಿ, ನೆಲದ ಮೇಲೆ ಬಟ್ಟೆ ಹಾಸಿ ಕೋಲು ಹಿಡಿಯುವುದು ಕ್ಷೇಮ. ಒಡೆದ ಗಾಜಿನ ಖರ್ಚು ಬಾಡಿಗೆದಾರನ ತಲೆಗೇ ಬರುತ್ತದೆ. ಫಿಸ್ಲರ್, ಡಬ್ಲ್ಯೂಎಂಎಫ್ ಮುಂತಾದ ಇಲ್ಲಿನ ಕುಕ್ಕರುಗಳು ಗಟ್ಟಿಮುಟ್ಟು, ಆದರೆ ಅವು ಕೂಗುವುದಿಲ್ಲ: ಒತ್ತಡ ಸೂಚಿಸುವ ಕಡ್ಡಿ ಮೇಲೆದ್ದ ಮೇಲೆ ಉರಿ ತಗ್ಗಿಸಿ ನಿಮಿಷ ಎಣಿಸಬೇಕು, ತೊಗರಿಬೇಳೆಗೆ ಹತ್ತು ನಿಮಿಷ ಇಟ್ಟು ನೋಡಿ. ಯಾವುದನ್ನು ಆರಿಸಿದರೂ ಅನ್ನ, ಬೇಳೆ, ತರಕಾರಿಯನ್ನು ಒಂದರ ಮೇಲೊಂದು ಇಡುವ ಡಬ್ಬಿಗಳನ್ನು ಊರಿನಿಂದ ತನ್ನಿರಿ. ಎರಡೇ ಒಲೆಯ ಮನೆಯಲ್ಲಿ ಇದಕ್ಕಿಂತ ಜಾಗ ಉಳಿಸುವ ಸಾಧನ ಇನ್ನೊಂದಿಲ್ಲ, ಮತ್ತು ಇದಕ್ಕೆ ಪ್ಲಗ್ಗೂ ಬೇಡ.

ಒಲೆಯೇ ಇಲ್ಲದ ಮನೆಯಲ್ಲಿ ಒಂಟಿ ಇಂಡಕ್ಷನ್ ತಟ್ಟೆ ಮತ್ತು ನೀರು ಕಾಯಿಸುವ ಕೆಟಲ್ಲಿನಿಂದ ಕೆಲವು ತಿಂಗಳು ನೆಮ್ಮದಿಯಾಗಿ ಕಳೆಯಬಹುದು. ಆದರೆ ಎರಡನ್ನೂ ಒಟ್ಟಿಗೆ ಹಚ್ಚುವಾಗ ಲೆಕ್ಕವಿರಲಿ: 16 ಆಂಪಿಯರಿನ ಒಂದು ಸರ್ಕ್ಯೂಟ್ ಹೊರುವುದು ಸುಮಾರು 3,680 ವಾಟ್, 2,000 ವಾಟಿನ ಒಲೆಯ ಜೊತೆಗೆ 2,200 ವಾಟಿನ ಕೆಟಲ್ ಸೇರಿದರೆ ಫ್ಯೂಸ್ ಬೀಳಬಹುದು. ದೊಡ್ಡ ಒಲೆಯ ಸಂಪರ್ಕವನ್ನು ಮಾತ್ರ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಬೇಕು. ಅನ್ನ, ಸಾರು, ಮೊಸರು ಮೂರನ್ನೂ ಮಾಡುವ ವಿದ್ಯುತ್ ಮಲ್ಟಿಕುಕ್ಕರ್ ಒಂದು ಒಲೆಯನ್ನು ಬಿಡುಗಡೆ ಮಾಡುತ್ತದಾದ್ದರಿಂದ ಇಬ್ಬರಿರುವ ಮನೆಗೆ ಅದನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ, ಆದರೆ ಗೋಡೆಯ ಕಪಾಟಿನ ಕೆಳಗೆ ಅದರ ಹಬೆ ಬಿಟ್ಟರೆ ಮರ ಉಬ್ಬುತ್ತದೆ. ಹಲವು ಚಿಮಣಿಗಳು ಗಾಳಿಯನ್ನು ಶೋಧಿಸಿ ಕೋಣೆಗೇ ಮರಳಿಸುವಂಥವು, ಹಬೆಯನ್ನು ಹೊರಹಾಕುವುದಿಲ್ಲ. ಇಡ್ಲಿ ಬೆಂದ ಮೇಲೆ ಚಳಿಯಿದ್ದರೂ ಕಿಟಕಿಯನ್ನು ಪೂರ್ತಿ ತೆರೆದು ಐದು ನಿಮಿಷ ಬಿಡದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ.

ಮೈಕ್ರೋವೇವ್, ಏರ್ ಫ್ರೈಯರ್, ಬ್ರೆಡ್ ಯಂತ್ರಗಳನ್ನು ಮೊದಲ ಚಳಿಗಾಲ ಕಳೆಯುವವರೆಗೆ ಮುಂದೂಡಿರಿ. ಬೇಕೆನಿಸಿದರೆ ಊರು ಬಿಟ್ಟು ಹೋಗುವವರಿಂದ ಅಗ್ಗಕ್ಕೆ ಸಿಗುತ್ತವೆ. ಕೆಟ್ಟುಹೋದವನ್ನು ಮನೆಯ ಕಸದ ತೊಟ್ಟಿಗೆ ಹಾಕುವಂತಿಲ್ಲ: ಯಾವ ಬದಿಯೂ 25 ಸೆಂಟಿಮೀಟರಿಗಿಂತ ಉದ್ದವಿಲ್ಲದವನ್ನು ದೊಡ್ಡ ವಿದ್ಯುತ್ ಉಪಕರಣದ ಅಂಗಡಿಗಳು ಹಣವಿಲ್ಲದೆ ಮರಳಿ ಪಡೆಯಬೇಕು, ಉಳಿದವನ್ನು ನಗರದ ಮರುಬಳಕೆ ಕೇಂದ್ರಕ್ಕೆ ಒಯ್ಯಬೇಕು.