ಕಲಬುರಗಿಯಲ್ಲಿ ಸಣ್ಣ ಬ್ಯಾಂಡಿನ ಸಂಜೆಗೆ ಹೋಗುವವರಿಗೆ

ಕಲಬುರಗಿಯಲ್ಲಿ ಬ್ಯಾಂಡಿನ ಹಾಡು ಕೇಳಬೇಕೆನ್ನುವವರು ಕ್ಲಬ್ ಎಂದು ಬೋರ್ಡು ಹಾಕಿಕೊಂಡ ಜಾಗವನ್ನು ಹುಡುಕಿಕೊಂಡು ಹೊರಡಬಾರದು. ಯಾವುದೋ ಕೆಫೆಯವರು ಮೇಲಿನ ಮಹಡಿಯ ಟೇಬಲ್‌ಗಳನ್ನು ಗೋಡೆಗೆ ಸರಿಸಿ, ಮೂಲೆಯಲ್ಲಿ ಜಮಖಾನೆ ಹಾಸಿ, ಅದರ ಮೇಲೆ ಡ್ರಮ್ಸ್ ಇಟ್ಟರೆ ಆ ರಾತ್ರಿಯ ಮಟ್ಟಿಗೆ ಅದೇ ಕ್ಲಬ್. ಅರವತ್ತು ಎಪ್ಪತ್ತು ಜನ ಹಿಡಿಸುವ ಇಂಥ ಕೋಣೆಯಲ್ಲಿ, ಹಾಡುವವರಿಂದ ಹತ್ತು ಅಡಿ ದೂರದಲ್ಲಿ ನಿಂತು, ಅವರೇ ಬರೆದ ಹಾಡನ್ನು ಅವರ ಬಾಯಿಂದಲೇ ಕೇಳುವ ಅವಕಾಶ ನಮ್ಮ ಊರಿನಲ್ಲಿ ವಾರಕ್ಕೊಮ್ಮೆ ಬರುವಂಥದ್ದಲ್ಲ. ಅಂಥದ್ದೊಂದು ಸಂಜೆ ಸಿಕ್ಕಾಗ ಅದನ್ನು ಅರ್ಧಂಬರ್ಧ ಕೇಳಿ ಬರುವವರನ್ನು ಕಂಡು ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಆದ್ದರಿಂದ ಹೋಗುವ ಮುಂಚಿನಿಂದ ಮನೆ ಸೇರುವವರೆಗೆ ನಾನು ಕಲಿತುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಂಡೀ ಬ್ಯಾಂಡ್ ಎಂದರೆ ಸಿನಿಮಾದ ಹಾಡನ್ನು ನೆಚ್ಚಿಕೊಳ್ಳದೆ, ದೊಡ್ಡ ಕ್ಯಾಸೆಟ್ ಕಂಪನಿಯ ಆಸರೆಯಿಲ್ಲದೆ, ತಮ್ಮ ಹಾಡನ್ನು ತಾವೇ ಕಟ್ಟಿ ತಮ್ಮ ಖರ್ಚಿನಲ್ಲೇ ಜನರ ಮುಂದೆ ತರುವವರ ತಂಡ. ದೆಹಲಿಯ ಇಂಡಿಯನ್ ಓಷನ್ 1990ರಲ್ಲಿ, ಬೆಂಗಳೂರಿನ ಥರ್ಮಲ್ ಅಂಡ್ ಎ ಕ್ವಾರ್ಟರ್ 1996ರಲ್ಲಿ ಹೀಗೆಯೇ ಶುರುವಾದವು. ಶಿಶುನಾಳ ಶರೀಫರ ತತ್ವಪದಗಳನ್ನು ರಘು ದೀಕ್ಷಿತ್ ಅವರು ಗಿಟಾರಿನ ಜೊತೆ ಹಾಡಿದಾಗ ಕನ್ನಡದ ಹುಡುಗರಿಗೆ ಈ ದಾರಿ ತಮ್ಮದೂ ಹೌದು ಎನಿಸಿತು. ನಮ್ಮ ಭಾಗದವರಿಗಂತೂ ಇದು ಹೊಸದೇ ಅಲ್ಲ. ಕಡಕೋಳ ಮಡಿವಾಳಪ್ಪನವರ, ಚನ್ನೂರ ಜಲಾಲಸಾಬರ ಪದಗಳನ್ನು ಏಕತಾರಿ, ದಮ್ಮಡಿ, ತಾಳ, ಪೇಟಿಗಳೊಂದಿಗೆ ಬೆಳಗಿನವರೆಗೆ ಹಾಡುವ ಭಜನೆಯವರೂ ಯಾವ ಕಂಪನಿಯ ಹಂಗಿನಲ್ಲೂ ಇದ್ದವರಲ್ಲ.

ಭಜನೆಗೆ ಕುಳಿತವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಮೊದಲ ಎರಡು ಮೂರು ಪದ ಮುಗಿಯುವವರೆಗೆ ದನಿ ಕೂಡುವುದಿಲ್ಲ; ತಾಳದವರು ಪೇಟಿಯವರ ಕಡೆ, ಪೇಟಿಯವರು ಹಾಡುವವರ ಕಡೆ ನೋಡುತ್ತಿರುತ್ತಾರೆ, ಆಮೇಲೆ ಯಾವುದೋ ಒಂದು ಸಾಲಿನಲ್ಲಿ ಎಲ್ಲರೂ ಒಟ್ಟಿಗೆ ಬಂದು ಸೇರುತ್ತಾರೆ. ಬ್ಯಾಂಡಿನ ಸಂಜೆಯೂ ಹೀಗೆಯೇ ನಡೆಯುತ್ತದೆ. ಒಂಬತ್ತು ಗಂಟೆಗೆ ಬಂದು ಹೆಸರಾದ ಒಂದು ಹಾಡು ಕೇಳಿ ಹೋಗುವವರಿಗೆ ಆ ಸೇರುವ ಗಳಿಗೆ ಸಿಗುವುದಿಲ್ಲ. ಈ ಬರಹದಲ್ಲಿ ನೀವು ಒಂದೇ ಮಾತನ್ನು ನೆನಪಿಟ್ಟುಕೊಳ್ಳುವುದಾದರೆ, ಮೊದಲ ಹಾಡಿಗೆ ಅಲ್ಲಿರಬೇಕು ಎಂಬುದನ್ನು ಇಟ್ಟುಕೊಳ್ಳಿ. ಮುಖ್ಯ ತಂಡಕ್ಕಿಂತ ಮುಂಚೆ ಹಾಡುವವರು ಬಹುಮಟ್ಟಿಗೆ ನಮ್ಮ ಊರಿನ ಕಾಲೇಜು ಹುಡುಗ ಹುಡುಗಿಯರೇ ಆಗಿರುತ್ತಾರೆ ಎಂಬುದು ಅದಕ್ಕೆ ಇನ್ನೊಂದು ಕಾರಣ.

ಸುದ್ದಿ ಸಿಗುವುದು ಹೆಚ್ಚಾಗಿ ಇನ್‌ಸ್ಟಾಗ್ರಾಂನಲ್ಲಿ. ಜಾಗದ ಪುಟಕ್ಕಿಂತ ತಂಡಗಳ ಪುಟಗಳನ್ನು ಹಿಂಬಾಲಿಸುವುದು ಲೇಸು, ಏಕೆಂದರೆ ಜಾಗ ಪ್ರತಿ ಸಲ ಬದಲಾಗುತ್ತದೆ. ಗಿಟಾರಿನ ತಂತಿ ಮಾರುವ ಅಂಗಡಿಯವರನ್ನೂ ಒಮ್ಮೆ ಕೇಳಿ ನೋಡಿ, ಊರಿನಲ್ಲಿ ಯಾರು ಎಲ್ಲಿ ನುಡಿಸುತ್ತಿದ್ದಾರೆ ಎಂಬುದು ಅವರಿಗೆ ತಿಳಿದಿರುತ್ತದೆ. ಹೋಗುವ ದಿನ ಮಧ್ಯಾಹ್ನ ಸಂಘಟಕರಿಗೆ ಫೋನ್ ಮಾಡಿ ಕಾರ್ಯಕ್ರಮ ಖಚಿತವೇ, ಕುರ್ಚಿ ಇರುತ್ತದೆಯೇ, ಶೌಚಾಲಯ ಆ ಮಹಡಿಯಲ್ಲೇ ಇದೆಯೇ ಎಂದು ವಿಚಾರಿಸಿಕೊಳ್ಳಿ. ಹಿರಿಯರನ್ನು ಅಥವಾ ಮನೆಯ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಈ ಮೂರು ಪ್ರಶ್ನೆಗಳು ತುಂಬ ಮುಖ್ಯ.

ಟಿಕೆಟಿನ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಪಾಸ್ ಕೇಳಬಾರದು. ಅರವತ್ತು ಜನ ತಲಾ 200 ರೂಪಾಯಿ ಕೊಟ್ಟರೆಂದು ಇಟ್ಟುಕೊಳ್ಳಿ, ಕೂಡುವುದು 12,000 ರೂಪಾಯಿ. ಅದರಲ್ಲಿ ಸೌಂಡ್ ಸಿಸ್ಟಂ ಬಾಡಿಗೆ, ದನಿಗಳನ್ನು ಹೊಂದಿಸುವ ಮಿಕ್ಸರ್ ಯಂತ್ರದ ಮುಂದೆ ಕೂಡುವವರ ಕೂಲಿ, ಜಾಗದವರ ಪಾಲು ಕಳೆದು ಉಳಿದದ್ದನ್ನು ನಾಲ್ಕೈದು ಜನ ಹಂಚಿಕೊಂಡು, ಡ್ರಮ್ಸ್ ಹೊತ್ತುಕೊಂಡು ಊರಿಗೆ ಮರಳಬೇಕು. ಹತ್ತು ಜನ ಪರಿಚಯದ ಮೇಲೆ ಪುಕ್ಕಟೆ ಒಳಗೆ ಬಂದರೆ ಹೋಗುವುದು ತಂಡದವರ ಬಸ್ ಚಾರ್ಜು. ಖ್ವಾಜಾ ಬಂದೇನವಾಜರ ಉರುಸಿನಲ್ಲಿ ಕವ್ವಾಲಿ ಕೇಳುವವರು ಮನಸ್ಸಿಗೆ ತಟ್ಟಿದ ಸಾಲಿಗೆ ಎದ್ದು ಹೋಗಿ ನಜರಾನಾ ಕೊಡುವುದನ್ನು ನೋಡಿ ಬೆಳೆದ ಊರಿನವರು ನಾವು. ಬಾಗಿಲಲ್ಲಿ ಇನ್ನೂರು ರೂಪಾಯಿಗೆ ಚೌಕಾಸಿ ಮಾಡುವುದು ನಮಗೆ ಒಪ್ಪುವುದಿಲ್ಲ.

ಸಮಯಕ್ಕೆ ಸರಿಯಾಗಿ ಹೋಗಬೇಕೆನ್ನಲು ಕಾನೂನಿನ ಕಾರಣವೂ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ, ಸಭಾಂಗಣದಂಥ ಮುಚ್ಚಿದ ಜಾಗದ ಒಳಗೆ ವಿನಾಯಿತಿ ಇದೆ. ಬೇಸಿಗೆಯಲ್ಲಿ ಸೆಕೆ ತಾಳಲಾರದೆ ಕಾರ್ಯಕ್ರಮವನ್ನು ಮಾಳಿಗೆಯ ಮೇಲೆ ಇಟ್ಟಾಗ ಹತ್ತಕ್ಕೆ ಮೈಕು ಬಂದ್ ಆಗಲೇಬೇಕು. ಏಳಕ್ಕೆಂದು ಹೇಳಿದ್ದು ಜನ ಸೇರದೆ ಎಂಟಕ್ಕೆ ಶುರುವಾದರೆ ಕತ್ತರಿ ಬೀಳುವುದು ಕೊನೆಯ ನಾಲ್ಕೈದು ಹಾಡುಗಳಿಗೆ, ಮತ್ತು ಯಾವುದೇ ತಂಡ ತನ್ನ ಬಲವಾದ ಹಾಡುಗಳನ್ನು ಇಟ್ಟುಕೊಂಡಿರುವುದು ಕೊನೆಗೇ.

ಒಳಗೆ ಹೋದ ಕೂಡಲೇ ಹೊರಗೆ ಬರುವ ಇನ್ನೊಂದು ದಾರಿ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ. ಆಮೇಲೆ ನಿಲ್ಲುವ ಜಾಗವನ್ನು ಆರಿಸಿಕೊಳ್ಳಿ, ಏಕೆಂದರೆ ಸಣ್ಣ ಕೋಣೆಯಲ್ಲಿ ಹಾಡು ಎಲ್ಲ ಕಡೆಗೂ ಒಂದೇ ರೀತಿ ಕೇಳುವುದಿಲ್ಲ. ಗೋಡೆಗೆ ಒರಗಿ ನಿಂತವರಿಗೆ, ಅದರಲ್ಲೂ ಮೂಲೆ ಹಿಡಿದವರಿಗೆ, ಬೇಸ್ ಗಿಟಾರಿನ ದಪ್ಪ ದನಿ ಅಗತ್ಯಕ್ಕಿಂತ ಹೆಚ್ಚಾಗಿ ಕೇಳಿ ಹಾಡಿನ ಮಾತು ಮುಳುಗಿಹೋಗುತ್ತದೆ. ತಗ್ಗು ಸ್ವರಗಳು ಗೋಡೆಗಳ ಬುಡದಲ್ಲಿ ಕೂಡಿಕೊಳ್ಳುವುದೇ ಇದಕ್ಕೆ ಕಾರಣ. ವೇದಿಕೆಯ ತೀರ ಮುಂದೆ ನಿಂತರೆ ಕೇಳುವುದು ಡ್ರಮ್ಸ್ ಮತ್ತು ಗಿಟಾರಿನ ದನಿ ಹೆಚ್ಚಿಸುವ ಪೆಟ್ಟಿಗೆ, ಅಂದರೆ ಆಂಪ್ ಮಾತ್ರ, ಹಾಡುವವರ ದನಿ ಹೊರಡುವ ಸ್ಪೀಕರ್‌ಗಳು ಅಕ್ಕಪಕ್ಕದಲ್ಲಿ ನಿಮ್ಮನ್ನು ದಾಟಿ ಹಿಂದಿನವರ ಕಡೆ ಮುಖ ಮಾಡಿರುತ್ತವೆ. ಎರಡು ಸ್ಪೀಕರ್‌ಗಳ ನಡುವಿನ ನೇರದಲ್ಲಿ, ಸ್ವಲ್ಪ ಹಿಂದೆ, ಮಿಕ್ಸರ್ ಮುಂದೆ ಕೂತವರ ಆಸುಪಾಸಿನಲ್ಲಿ ನಿಲ್ಲುವುದು ಎಲ್ಲಕ್ಕಿಂತ ಒಳ್ಳೆಯದು, ಏಕೆಂದರೆ ಅವರು ತಮ್ಮ ಕಿವಿಗೆ ಸರಿಯಾಗಿ ಕೇಳುವಂತೆಯೇ ದನಿಗಳನ್ನು ಹೊಂದಿಸುತ್ತಾರೆ. ಮೊದಲ ಹಾಡಿಗೆ ಕೋಣೆ ಗವ್ವೆಂದರೆ ಬೇಸರಪಡಬೇಡಿ. ಜನ ತುಂಬಿದಂತೆ ಮೈಗಳೂ ಬಟ್ಟೆಗಳೂ ಪ್ರತಿಧ್ವನಿಯನ್ನು ಹೀರಿಕೊಂಡು ದನಿ ತಿಳಿಯಾಗುತ್ತದೆ.

ಅರ್ಧ ಗಂಟೆ ಮೊದಲೇ ಹೋದವರಿಗೆ ಸೌಂಡ್ ಚೆಕ್, ಅಂದರೆ ತಂಡದವರು ದನಿ ಹೊಂದಿಸಿಕೊಳ್ಳುವುದು, ನೋಡಲು ಸಿಗುತ್ತದೆ. ಒಮ್ಮೆ ಕಾಂಕ್ರೀಟಿನ ಬರಿ ಗೋಡೆಗಳ ಕೋಣೆಯೊಂದರಲ್ಲಿ ಸ್ನೇರ್ ಡ್ರಮ್ ಪಟಾಕಿಯಂತೆ ಸಿಡಿಯುತ್ತಿತ್ತು. ಡ್ರಮ್ಮರ್ ಹುಡುಗ ಹೆಗಲ ಮೇಲಿದ್ದ ಟವೆಲನ್ನು ನಾಲ್ಕು ಮಡಿಕೆ ಮಾಡಿ ಅದರ ಅಂಚಿಗಿಟ್ಟು, ಕೋಲಿನಿಂದ ಒಮ್ಮೆ ತಟ್ಟಿ, ಟವೆಲನ್ನು ಎರಡು ಬೆರಳಿನಷ್ಟು ಹಿಂದಕ್ಕೆ ಎಳೆದು, ಮತ್ತೆ ತಟ್ಟಿ, ಮಿಕ್ಸರ್ ಕಡೆ ನೋಡಿದ. ಅಲ್ಲಿ ಕೂತವರು ತಲೆಯಾಡಿಸಿದ ಮೇಲೆಯೇ ಹಾಡುವ ಹುಡುಗಿ ಮೈಕಿನ ಹತ್ತಿರ ಬಂದಳು. ಚರ್ಮದ ಡಗ್ಗಾಕ್ಕೆ ಹಿಟ್ಟು ಹಚ್ಚುವ ನಮ್ಮ ಊರಿನ ಹಿರಿಯರೊಬ್ಬರು ನನ್ನ ಪಕ್ಕದಲ್ಲಿ ನಿಂತು ಇದನ್ನೆಲ್ಲ ನೋಡಿ, "ಹುಡುಗ ತಿಳದಾವ ಅದಾನ" ಎಂದರು.

ಕಿವಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಾನು ಸ್ಪೀಕರಿನಿಂದ ಮೂರಡಿ ದೂರದಲ್ಲಿ ಎರಡು ಗಂಟೆ ನಿಂತು, ಮರುದಿನ ಮಧ್ಯಾಹ್ನದವರೆಗೂ ಕಿವಿಯಲ್ಲಿ ಗುಂಯ್‌ಗುಡುವ ಸದ್ದಿನೊಂದಿಗೆ ಓಡಾಡಿದೆ, ಎದುರಿಗೆ ಕೂತವರ ಮಾತು ಬಟ್ಟೆಯ ಆಚೆಯಿಂದ ಬಂದಂತೆ ಕೇಳುತ್ತಿತ್ತು. ಅದು ಕಿವಿಯೊಳಗಿನ ಸೂಕ್ಷ್ಮ ಕೂದಲಿನಂಥ ಜೀವಕೋಶಗಳು ದಣಿದ ಲಕ್ಷಣ, ಅವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದು, ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಂತೆ ತಾಳುವ ಹೊತ್ತು ಅರ್ಧಕ್ಕಿಳಿಯುತ್ತದೆ ಎಂಬುದು ತಜ್ಞರ ಲೆಕ್ಕ. ಆ ಪ್ರಕಾರ 100 ಡೆಸಿಬಲ್‌ಗೆ ಸಿಗುವುದು ಕಾಲು ಗಂಟೆ ಮಾತ್ರ, ಡ್ರಮ್ಸ್ ಇರುವ ಸಣ್ಣ ಕೋಣೆ ಆ ಮಟ್ಟವನ್ನು ಸುಲಭವಾಗಿ ಮುಟ್ಟುತ್ತದೆ.

ಹತ್ತಿ ತುರುಕಿಕೊಂಡರೆ ಹೆಚ್ಚು ಪ್ರಯೋಜನವಿಲ್ಲ. ಔಷಧಿ ಅಂಗಡಿಯಲ್ಲಿ ಸಿಗುವ ಸ್ಪಂಜಿನ ಇಯರ್ ಪ್ಲಗ್ ತೆಗೆದುಕೊಳ್ಳಿ. ಅದನ್ನು ಬೆರಳುಗಳ ನಡುವೆ ಬತ್ತಿಯ ಹಾಗೆ ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲಂಚನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿದು, ಒಳಗೆ ಸರಿಸಿ, ಅದು ಉಬ್ಬಿಕೊಳ್ಳುವವರೆಗೆ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ಹೊರಗೆ ಅರ್ಧ ನೇತಾಡುತ್ತಿದ್ದರೆ ಹಾಕಿಕೊಂಡೂ ಹಾಕಿಕೊಳ್ಳದಂತೆ. ಸ್ಪಂಜು ತಾರಕ ಸ್ವರಗಳನ್ನು ಹೆಚ್ಚಾಗಿ ತಡೆಯುವುದರಿಂದ ಹಾಡಿನ ಮಾತು ಸ್ವಲ್ಪ ಮಂಕಾಗುತ್ತದೆ. ಮೇಲಿಂದ ಮೇಲೆ ಹೋಗುವವರು ಸಂಗೀತಗಾರರು ಬಳಸುವ ಫಿಲ್ಟರ್ ಇರುವ ಪ್ಲಗ್ ತರಿಸಿಕೊಂಡರೆ ಎಲ್ಲ ಸ್ವರಗಳೂ ಹೆಚ್ಚುಕಡಿಮೆ ಸಮನಾಗಿ ತಗ್ಗಿ, ಹಾಡು ಇದ್ದಂತೆಯೇ ಕೇಳುತ್ತದೆ. ಸಣ್ಣ ಮಕ್ಕಳನ್ನು ಕಿವಿಗೆ ಮುಚ್ಚಳವಿಲ್ಲದೆ ಕರೆತರಲೇಬೇಡಿ.

ಇನ್ನು ಕೇಳುವ ರೀತಿ. ತಂಡದವರಿಗೆ ಸಿನಿಮಾ ಹಾಡಿನ ಫರಮಾಯಿಷಿ ಕೂಗುವುದನ್ನು ದಯವಿಟ್ಟು ಬಿಡಿ, ಆ ಹಾಡು ನಿಮ್ಮ ಫೋನಿನಲ್ಲೇ ಇದೆ. ಹೋಗುವ ಮೊದಲು ತಂಡದ ಒಂದೆರಡು ಹಾಡುಗಳನ್ನು ಮಾತಿಗೆ ಲಕ್ಷ್ಯ ಕೊಟ್ಟು ಎರಡು ಸಲ ಕೇಳಿಕೊಂಡು ಹೋಗಿ, ಕೋಣೆಯಲ್ಲಿ ಅದೇ ಸಾಲು ಬಂದಾಗ ಬಾಯಿ ತಾನಾಗಿಯೇ ಕೂಡುತ್ತದೆ. ವೀಡಿಯೊ ಮಾಡುವುದಿದ್ದರೆ ಒಂದು ಹಾಡಿಗೆ ಮಾಡಿ ಫೋನನ್ನು ಜೇಬಿಗೆ ಹಾಕಿ. ಇನ್ನೂ ಬಿಡುಗಡೆಯಾಗದ ಹೊಸ ಹಾಡನ್ನು ಅವರನ್ನು ಕೇಳದೆ ಎಲ್ಲೂ ಹಾಕಬೇಡಿ. ಮಾತಾಡಲೇಬೇಕಾದರೆ ಮೆಟ್ಟಿಲ ಕಡೆ ಹೋಗಿ, ಮೆಲುದನಿಯ ಹಾಡಿನ ನಡುವೆ ಒಂದು ಟೇಬಲ್ಲಿನ ಹರಟೆ ಇಡೀ ಕೋಣೆಗೆ ಕೇಳುತ್ತದೆ. ಹಿಂದೆ ನಿಂತ ಹೆಣ್ಣುಮಕ್ಕಳಿಗೆ ಮುಂದೆ ಬರಲು ದಾರಿ ಬಿಡಿ, ನೂಕಾಟ ಕಂಡರೆ ಸಂಘಟಕರಿಗೆ ಆಗಲೇ ಹೇಳಿ.

ನಮ್ಮ ಮಾತಿನಲ್ಲೇ ಹಾಡು ಕಟ್ಟುವ ಹುಡುಗರು ಸಿಕ್ಕರಂತೂ ಅವರಿಗೆ ಕಿವಿಯನ್ನು ಪೂರ್ತಿ ಕೊಡಿ. "ಮಳಿ ಬರ್ಲಾಕತ್ತದ" ಎಂದು ಒಬ್ಬ ಹುಡುಗ ಗಿಟಾರು ಮೀಟುತ್ತಾ ಶುರುಮಾಡಿದಾಗ ಕೋಣೆಯ ತುಂಬ ಒಂದು ಗಳಿಗೆ ನಗುವೆದ್ದಿತು, ಎರಡನೆಯ ಸಾಲಿಗೆ ಆ ನಗು ನಿಂತಿತು, ಮೂರನೆಯ ಸಾಲಿನ ಹೊತ್ತಿಗೆ ಕರೆಂಟ್ ಹೋಯಿತು. ಗಿಟಾರು, ಬೇಸು, ಮೈಕು ಒಟ್ಟಿಗೆ ಸತ್ತವು. ಡ್ರಮ್ಮರ್ ಮಾತ್ರ ನಿಲ್ಲಿಸದೆ ಕೋಲು ಕೆಳಗಿಟ್ಟು ಅಂಗೈಯಲ್ಲಿ ತಟ್ಟತೊಡಗಿದ, ಹುಡುಗ ಮೈಕು ಬಿಟ್ಟು ನಮ್ಮ ನಡುವೆ ಬಂದು ಬರಿಗಂಟಲಿನಲ್ಲಿ ಅದೇ ಸಾಲನ್ನು ಹಾಡಿದ, ಜನರೇಟರ್ ಶುರುವಾಗುವವರೆಗೆ ಐವತ್ತು ಜನ ಕತ್ತಲಲ್ಲಿ ಚಪ್ಪಾಳೆಯ ತಾಳ ಹಿಡಿದು ನಿಂತಿದ್ದರು. ಇಂಥ ಹೊತ್ತಿನಲ್ಲಿ ಫೋನಿನ ಟಾರ್ಚ್ ಹಚ್ಚುವುದಾದರೆ ನೆಲದ ಕಡೆ ಹಿಡಿಯಿರಿ, ಅಲ್ಲೆಲ್ಲ ವೈರುಗಳಿರುತ್ತವೆ.

ಮರಳುವ ವ್ಯವಸ್ಥೆಯನ್ನು ಹೊರಡುವ ಮುಂಚೆಯೇ ಮಾಡಿಕೊಳ್ಳಬೇಕು. ರಾತ್ರಿ ಹತ್ತರ ಮೇಲೆ ಬಡಾವಣೆಗಳ ಕಡೆ ಆಟೋ ಸಿಗುವುದು ಕಷ್ಟ, ಆದ್ದರಿಂದ ಬಂದ ಆಟೋದವರ ನಂಬರನ್ನೇ ಪಡೆದು ಹೊತ್ತು ಹೇಳಿಟ್ಟಿರಿ. ಕುಡಿದವರು ಬೈಕ್ ಮುಟ್ಟಬಾರದು, ಅವರ ಹಿಂದೆ ಯಾರೂ ಕೂಡಬಾರದು. ಯಾದಗಿರಿಯಿಂದ ಬರುವವರಿಗೆ ವಾಡಿ ಮಾರ್ಗದ ರೈಲುಗಳಿವೆ. ಬೀದರಿನವರಿಗೆ 2017ರಿಂದ ಹುಮನಾಬಾದ್ ಮೂಲಕ ರೈಲುದಾರಿಯಿದ್ದರೂ ಮರಳುವ ಗಾಡಿಯ ಹೊತ್ತು ನೋಡಿಕೊಂಡು, ಹೊಂದದಿದ್ದರೆ ಇಲ್ಲೇ ಉಳಿಯುವ ಏರ್ಪಾಡು ಮಾಡಿಕೊಂಡೇ ಹೊರಡಬೇಕು.

ಹಾಡು ಮುಗಿದ ಕೂಡಲೇ ಬಾಗಿಲಿಗೆ ನುಗ್ಗಬೇಡಿ. ವೈರು ಸುತ್ತುತ್ತಿರುವವರ ಹತ್ತಿರ ಹೋಗಿ, "ಚೆನ್ನಾಗಿತ್ತು" ಎಂದಷ್ಟೇ ಹೇಳದೆ ಮನಸ್ಸಿನಲ್ಲಿ ಉಳಿದ ಹಾಡು ಯಾವುದು, ಅದರ ಯಾವ ಸಾಲು ಎಂದು ಹೇಳಿ. ಟಿ ಶರ್ಟ್ ಇಟ್ಟಿದ್ದರೆ ಒಂದು ಕೊಳ್ಳಿ. ಡ್ರಮ್ಸ್ ಕೆಳಗಿಳಿಸಲು ಕೈ ಬೇಕೇನೋ ಕೇಳಿ, ಮೂರು ಮಹಡಿಯ ಮೆಟ್ಟಿಲಿನಲ್ಲಿ ದೊಡ್ಡ ಬೇಸ್ ಡ್ರಮ್ ಒಬ್ಬರಿಂದ ಇಳಿಯುವುದಿಲ್ಲ.