ದಿಜೋನ್‌ನಲ್ಲಿ ಗೂಬೆಯೇ ಗೈಡು

ನಮ್ಮಲ್ಲಿ ಗೂಬೆ ಅಂದರೆ ಬೈಗುಳ. ಫ್ರಾನ್ಸಿನ ದಿಜೋನ್‌ನಲ್ಲಿ ಅದೇ ಗೂಬೆ ಊರಿನ ಮುದ್ದಿನ ಹಕ್ಕಿ, ಪುಕ್ಕಟೆ ಗೈಡ್ ಕೂಡ. ಹಳೇ ಊರಿನ ರಸ್ತೆಗಳಲ್ಲಿ ಹಿತ್ತಾಳೆಯ ಪುಟ್ಟ ತ್ರಿಕೋನಗಳನ್ನು ನೆಲಕ್ಕೆ ಕೂರಿಸಿದ್ದಾರೆ, ಅದರಲ್ಲಿ ಗೂಬೆಯ ಚಿತ್ರ. ಚೂಪು ತುದಿ ತೋರಿಸಿದ ಕಡೆ ನಡೆಯುತ್ತಾ ಹೋದರೆ 22 ಜಾಗಗಳನ್ನು ನೋಡಿ ಮುಗಿಸಬಹುದು.

ಮೊದಲು ವಾರ ನೋಡಿಕೊಳ್ಳಿ. ಇಲ್ಲಿನ ಮ್ಯೂಸಿಯಂಗೆ ಮಂಗಳವಾರ ರಜೆ (ನಾನು ಹೋಗಿದ್ದು ಮಂಗಳವಾರವೇ, ಕೇಳಬೇಡಿ). ಸಂತೆ ಇರುವುದು ಮಂಗಳವಾರ, ಗುರುವಾರ, ಶುಕ್ರವಾರ ಮತ್ತು ಶನಿವಾರದ ಬೆಳಗ್ಗೆ. ಹಾಗಾಗಿ ಗುರುವಾರ, ಶುಕ್ರವಾರ ಅಥವಾ ಶನಿವಾರ ಹೋದರೆ ಎರಡೂ ಸಿಗುತ್ತವೆ. ಪ್ಯಾರಿಸ್‌ನ ಗಾರ್ ದ ಲಿಯೋನ್ ಸ್ಟೇಷನ್ನಿನಿಂದ ಟಿಜಿವಿ ಅನ್ನುವ ವೇಗದ ರೈಲು ಹತ್ತಿದರೆ ಒಂದೂವರೆ ಗಂಟೆ ಚಿಲ್ಲರೆ, ಬೆಳಗ್ಗೆ ಹೋಗಿ ಸಂಜೆಗೆ ವಾಪಸ್ ಬರಬಹುದು.

ಶುರು ಮಾಡುವುದು ದಾರ್ಸಿ ಉದ್ಯಾನದಿಂದ, ಸ್ಟೇಷನ್ನಿಗೆ ಹತ್ತಿರವೇ ಇದೆ. ಬಾಗಿಲಲ್ಲಿ ಬಿಳಿ ಹಿಮಕರಡಿಯ ಮೂರ್ತಿಯೊಂದು ನಿಂತಿರುತ್ತದೆ, ಅಲ್ಲೊಂದು ಫೋಟೋ ತೆಗೆದುಕೊಂಡು ಪಕ್ಕದ ಗಿಯೋಮ್ ಕಮಾನು ದಾಟಿ ಒಳಗೆ ಹೋಗಿ. ಮುಂದಿನ ಅಂಗಡಿ ಬೀದಿಯಲ್ಲಿ ಜಾಸ್ತಿ ಹೊತ್ತು ಕಳೆಯಬೇಡಿ. ಸಂತೆ ನಡೆಯುವ ಕಬ್ಬಿಣದ ಕಟ್ಟಡ ಮಾತ್ರ ಬಿಡಬೇಡಿ. ಕಬ್ಬಿಣ ಅಂದಾಗ ನೆನಪಾಯಿತು, ಐಫೆಲ್ ಗೋಪುರದ ಗುಸ್ತಾವ್ ಐಫೆಲ್ ಹುಟ್ಟಿದ್ದು ಇದೇ ಊರಲ್ಲಿ, 1832ರಲ್ಲಿ. ಬೆಳಗಿನ ತಿಂಡಿ ಇಲ್ಲೇ ಮುಗಿಸಿಕೊಳ್ಳಿ.

ಈಗ ನೋತ್ರ್ ದಾಮ್ ಚರ್ಚು. ಹೌದು, ಪ್ಯಾರಿಸ್‌ನದ್ದಲ್ಲ, ಇದು ಬೇರೆ. ಕಟ್ಟಿದ್ದು 13ನೇ ಶತಮಾನದಲ್ಲಿ. ಸೀದಾ ಒಳಗೆ ನುಗ್ಗಬೇಡಿ, ಎದುರು ನಿಂತು ಕತ್ತೆತ್ತಿ. ಗೋಡೆಯಿಂದ 51 ವಿಕಾರ ಮುಖಗಳು ಸಾಲಾಗಿ ಕತ್ತು ಚಾಚಿವೆ. ನೋಡಿದರೆ ಮಳೆನೀರು ಉಗುಳುವ ದೋಣಿಬಾಯಿಗಳ ಹಾಗಿವೆ, ಆದರೆ ಒಂದರಿಂದಲೂ ನೀರು ಬರುವುದಿಲ್ಲ, ಸುಮ್ನೆ ಅಲಂಕಾರ. ಮೇಲೆ ಬಲಗಡೆ ಗಡಿಯಾರದ ಗಂಟೆ ಬಡಿಯುವ ಗೊಂಬೆಗಳಿವೆ. 1382ರಲ್ಲಿ ಈ ಸೀಮೆಯನ್ನು, ಅಂದರೆ ಬರ್ಗಂಡಿಯನ್ನು, ಆಳುತ್ತಿದ್ದ ಡ್ಯೂಕ್ ಫಿಲಿಪ್ ಈಗಿನ ಬೆಲ್ಜಿಯಂನ ಕೋರ್ತ್ರೈ ಊರನ್ನು ಲೂಟಿ ಮಾಡಿ ಈ ಗಡಿಯಾರವನ್ನು ಹೊತ್ತು ತಂದ. ಗೊಂಬೆಯ ಹೆಸರು ಜಾಕ್‌ಮಾರ್. ಇನ್ನೂರೈವತ್ತು ವರ್ಷಕ್ಕೂ ಜಾಸ್ತಿ ಒಬ್ಬನೇ ಗಂಟೆ ಬಡಿದ ಮೇಲೆ, 1651ರಲ್ಲಿ ಅವನಿಗೊಬ್ಬಳು ಹೆಂಡತಿ ಬಂದಳು. ಆಮೇಲೆ 1714ರಲ್ಲಿ ಮಗ, 1884ರಲ್ಲಿ ಮಗಳು. ಎಂಥ ನಿಧಾನದ ಸಂಸಾರ ಅಲ್ವಾ! ಗಂಟೆ ಹೊಡೆಯುವ ಹೊತ್ತಿಗೆ ಐದು ನಿಮಿಷ ಮುಂಚೆ ಬಂದು ನಿಂತಿರಿ.

ಚರ್ಚಿನ ಪಕ್ಕದ ಓಣಿಗೆ ತಿರುಗಿದರೆ ಅಸಲಿ ಗೂಬೆ ಸಿಗುತ್ತದೆ, ಓಣಿಯ ಹೆಸರೇ ಗೂಬೆ ಬೀದಿ. ಗೋಡೆಯ ಮೂಲೆಯಲ್ಲಿ ಕೆತ್ತಿದ ಸಣ್ಣ ಕಲ್ಲಿನ ಹಕ್ಕಿ. ಹುಷಾರಾಗಿ ನೋಡದಿದ್ದರೆ ಗೊತ್ತೇ ಆಗುವುದಿಲ್ಲ, ಯಾಕೆಂದರೆ ನೂರಾರು ವರ್ಷ ಜನ ಮುಟ್ಟಿ ಮುಟ್ಟಿ ಕಣ್ಣು, ಕೊಕ್ಕು ಎಲ್ಲ ಸವೆದು ನುಣ್ಣಗಾಗಿವೆ. ಎಡಗೈಯಲ್ಲಿ ಮುಟ್ಟಿ ಏನಾದರೂ ಕೇಳಿಕೊಳ್ಳಬೇಕು, ಅದು ಪದ್ಧತಿ. ಎಡಗೈ ಅಂದರೆ ನಮಗೆ ಇರಿಸುಮುರುಸು, ಆದರೆ ಅಲ್ಲಿಯವರ ಲೆಕ್ಕದಲ್ಲಿ ಹೃದಯ ಇರುವುದು ಆ ಕಡೆ. 2001ರಲ್ಲಿ ಯಾರೋ ಸುತ್ತಿಗೆಯಿಂದ ಹೊಡೆದು ಇದನ್ನು ಮುರಿದಿದ್ದರು. ಊರವರಿಗೆ ಮನೆಯವರಿಗೇ ಏಟು ಬಿದ್ದಷ್ಟು ಸಂಕಟ. ಆಮೇಲೆ ರಿಪೇರಿ ಮಾಡಿಸಿದರು. ಅದೇ ಬೀದಿಯ ಮಿಲಿಯೇರ್ ಮನೆಯನ್ನೂ ನೋಡಿ, 1483ರದ್ದು, ಮರದ ಚೌಕಟ್ಟಿನದು. ಸ್ವಲ್ಪ ಮುಂದೆ ಬಣ್ಣದ ಹೆಂಚಿನ ವೋಗ್ಯುಯೆ ಮಹಲು.

ಗೂಬೆ ಎಲ್ಲಿಗೆ ಕರೆದರೂ ಹೋಗಲೇಬೇಕು ಅಂತೇನಿಲ್ಲ. ಕಾಲು ನೋಯುತ್ತಿದ್ದರೆ ನಡುವಿನ ಒಂದೆರಡು ಬಿಟ್ಟು ಸೀದಾ ಡ್ಯೂಕ್‌ಗಳ ಅರಮನೆಗೆ ನಡೆಯಿರಿ. ಅಲ್ಲಿನ ಫಿಲಿಪ್ ಲ ಬೋನ್ ಗೋಪುರಕ್ಕೆ (ಗಡಿಯಾರ ತಂದ ಫಿಲಿಪ್ ಅಲ್ಲ, ಇವನು ಬೇರೆ) 316 ಮೆಟ್ಟಿಲು, ಅದೂ ಗೈಡ್ ಜೊತೆ ಮಾತ್ರ ಬಿಡುತ್ತಾರೆ, ಮೊದಲೇ ಬುಕ್ ಮಾಡಿರಬೇಕು. ನಾನಾದರೆ ಕೆಳಗಿನ ಮ್ಯೂಸಿಯಂಗೇ ಓಟು ಹಾಕುತ್ತೇನೆ, ಅಲ್ಲಿನ ಕಾಯಂ ಸಂಗ್ರಹ ನೋಡಲು ಟಿಕೆಟ್ಟೂ ಇಲ್ಲ. ಡ್ಯೂಕ್‌ಗಳ ಸಮಾಧಿ ಎದುರು ಬಗ್ಗಿ ಕೂತು ನೋಡಿ. ಸುತ್ತಲೂ ಮೊಳದುದ್ದದ ಬಿಳಿ ಗೊಂಬೆಗಳು ಶವದ ಮೆರವಣಿಗೆಯಲ್ಲಿ ಅಳುತ್ತಾ ಹೊರಟಿವೆ. ಒಬ್ಬ ಮುಸುಕು ಎಳೆದುಕೊಂಡಿದ್ದಾನೆ, ಇನ್ನೊಬ್ಬ ಮೂಗು ಹಿಡಿದುಕೊಂಡಿದ್ದಾನೆ.

ಹೊರಗೆ ಬಂದರೆ ಅರ್ಧಚಂದ್ರದ ಆಕಾರದ ಲಿಬೆರಾಸಿಯೋನ್ ಚೌಕ, ಕಾಫಿ ಹೇಳಿ ಕಾಲು ಚಾಚಿ. ಸಾಸಿವೆ ಪೇಸ್ಟ್ ಕೊಳ್ಳದೆ ಯಾರೂ ಈ ಊರು ಬಿಡುವುದಿಲ್ಲ. ಬಾಟಲಿಯನ್ನು ಚೆಕ್-ಇನ್ ಲಗೇಜಿಗೆ ಹಾಕಿ. ಕೈಚೀಲದಲ್ಲಿಟ್ಟರೆ ಏರ್‌ಪೋರ್ಟ್ ತಪಾಸಣೆಯಲ್ಲೇ ಬಿಟ್ಟು ಬರಬೇಕಾದೀತು.