ಹೈದರಾಬಾದ್ ಹೌಸ್‌ನ ಅರ್ಧ ನಿಮಿಷ

ದಿಲ್ಲಿಗೆ ಯಾವ ದೇಶದ ಪ್ರಧಾನಿ ಬಂದರೂ ಕೈ ಕುಲುಕುವ ಫೋಟೋ ಸಾಮಾನ್ಯವಾಗಿ ಹೈದರಾಬಾದ್ ಹೌಸ್‌ನಲ್ಲೇ. ನಿಜಾಮನಿಗಾಗಿ ಲುಟಿಯನ್ಸ್ ವಿನ್ಯಾಸ ಮಾಡಿದ ಮನೆ ಅದು. ಅಂದ ನೋಡೋಕೆ ನಮ್ಮಂಥ ಪತ್ರಿಕಾ ಫೋಟೋಗ್ರಾಫರ್‌ಗಳಿಗೆ ಪುರುಸೊತ್ತಿಲ್ಲ. ಸಿಗುವುದು ಅರ್ಧ ನಿಮಿಷ, ಜಾಸ್ತಿ ಅಂದರೆ ಒಂದು.

ಅದಕ್ಕಾಗಿ ಎರಡು ಗಂಟೆ ಮೊದಲೇ ಹೋಗಬೇಕು. ಕ್ಯಾಮೆರಾಗಳನ್ನು ನೆಲದ ಮೇಲೆ ಸಾಲಾಗಿ ಇಡಿಸುತ್ತಾರೆ. ನಾಯಿ ಮೂಸಿಕೊಂಡು ಹೋಗುತ್ತದೆ. ಆಮೇಲೆ "ಒಂದು ಫೋಟೋ ಹೊಡೆದು ತೋರಿಸಿ" ಅನ್ನುತ್ತಾರೆ, ಅದು ಕ್ಯಾಮೆರಾನೇ ಅಂತ ಖಾತ್ರಿಯಾಗಬೇಕಲ್ವಾ. ನನ್ನ ಹಳೇ ಮೆಮೊರಿ ಕಾರ್ಡುಗಳ ತುಂಬ ಹಾಗೆ ಹೊಡೆದ, ಎದುರಿಗೆ ನಿಂತವರ ಬೂಟುಗಳ ಫೋಟೋಗಳೇ.

ಹೊಸ ಮಿರರ್‌ಲೆಸ್ ಕ್ಯಾಮೆರಾ ಕೊಂಡ ವಾರ ಒಂದು ಎಡವಟ್ಟು ಮಾಡಿಕೊಂಡೆ. ಸದ್ದಾಗದಿರಲಿ ಅಂತ ಸೈಲೆಂಟ್ ಶಟರ್ ಹಾಕಿದ್ದೆ; ಅದರಲ್ಲಿ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುತ್ತದೆ. ಹೊರಗೆ ಬಂದು ನೋಡಿದರೆ ಇಬ್ಬರು ನಾಯಕರ ಮುಖದ ಮೇಲೂ ಹುಲಿಪಟ್ಟೆ! ನಮ್ಮ ಕರೆಂಟು 50 ಹರ್ಟ್ಸ್. ಅದರಲ್ಲಿ ಉರಿಯುವ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಕಾಣದ್ದು ಸೆನ್ಸರ್‌ಗೆ ಕಾಣುತ್ತದೆ. ಅಂದಿನಿಂದ ಒಳಾಂಗಣದಲ್ಲಿ ಸದ್ದು ಮಾಡುವ ಮೆಕ್ಯಾನಿಕಲ್ ಶಟರ್, ವೇಗ ಸೆಕೆಂಡಿನ 1/100. ಕೈ ಸ್ವಲ್ಪ ಮಸುಕಾದರೂ ಪರವಾಗಿಲ್ಲ. ಕ್ಯಾಮೆರಾಗಳಿಗಾಗಿ ಕುಲುಕುವ ಕೈ ಹೇಗೂ ನಿಧಾನ.

ಆ ಕುಲುಕಾಟದ ಫೋಟೋ ಎಲ್ಲರ ಹತ್ತಿರವೂ ಒಂದೇ ಥರ ಇರುತ್ತದೆ. ಹಿಂದೆ ಬಾವುಟ, ಮುಂದೆ ನಗು. ಅದನ್ನು ಹತ್ತಿರದ್ದಕ್ಕೆ ಬಳಸುವ 24-70 ಲೆನ್ಸ್‌ನಲ್ಲಿ ನಾಲ್ಕು ಹೊಡೆದು ಮುಗಿಸುತ್ತೇನೆ. ಎರಡನೇ ಕ್ಯಾಮೆರಾದಲ್ಲಿ ದೂರದ್ದನ್ನು ಹತ್ತಿರ ತರುವ 70-200 ಲೆನ್ಸ್ ಇರುತ್ತದೆ. ಅವರು ನಡೆದು ಬರುವಾಗ, ಮತ್ತೆ ಕೈ ಬಿಟ್ಟು ತಿರುಗುವಾಗ, ಅದೇ ನನ್ನ ಕಣ್ಣು. ಒಮ್ಮೆ ಅತಿಥಿಯೊಬ್ಬರು ಬಾಗಿಲ ಹತ್ತಿರ ಅಂಗೈಯನ್ನು ಕೋಟಿಗೆ ಮೆಲ್ಲಗೆ ಒರೆಸಿಕೊಂಡರು. ಬೆವರಿತ್ತೋ ಏನೋ! ನಾಲ್ಕು ಫ್ರೇಮ್ ಸಿಕ್ಕಿತು.

2023ರ ಜಿ20 ಶೃಂಗಸಭೆಯಲ್ಲಿ ನನಗೆ ಅಷ್ಟೂ ಸಿಗಲಿಲ್ಲ. ಭಾರತ ಮಂಟಪದಲ್ಲಿ ಕೋನಾರ್ಕ್ ಚಕ್ರದ ಮುಂದೆ ಮೋದಿ ಒಬ್ಬೊಬ್ಬರನ್ನೇ ಸ್ವಾಗತಿಸುತ್ತಿದ್ದರೆ, ನಾನು ಮೀಡಿಯಾ ಸೆಂಟರ್‌ನ ಪರದೆ ನೋಡುತ್ತಾ ಕೂತಿದ್ದೆ. ಪಾಸ್ ಇರಲಿಲ್ಲ. ಮರುದಿನ ರಾಜಘಾಟ್‌ನಿಂದ ಬಂದ ಫೋಟೋಗಳನ್ನು ಮಾತ್ರ ಹೊಟ್ಟೆಕಿಚ್ಚಿನಿಂದ ನೋಡಿದೆ. ಮಳೆಗೆ ನೆನೆದ ನೆಲ, ಸುನಕ್ ಬರಿಗಾಲಲ್ಲಿ, ಬೈಡನ್ ಸ್ಲಿಪ್ಪರ್‌ನಲ್ಲಿ. ನಾನಲ್ಲಿದ್ದಿದ್ದರೆ ಲೆನ್ಸ್ ಕೆಳಗಿಳಿಸಿ ಬರೀ ಕಾಲುಗಳನ್ನೇ ಹೊಡೆಯುತ್ತಿದ್ದೆ.

ಅಂದಹಾಗೆ, ಆ ಅಂಗೈ ಫೋಟೋ ಅಚ್ಚಾಗಲಿಲ್ಲ. ಡೆಸ್ಕ್‌ನವರು ಕುಲುಕಾಟವನ್ನೇ ಹಾಕಿದರು.